ಕೊನೆಯ ಪದ್ಯದ ಅರ್ಥ

ನನ್ನ ಹೆಂಡತಿ ನನ್ನನ್ನು ಬಿಟ್ಟು ಹೋದ ಮೇಲೆ ನಾವಿಬ್ಬರೂ ಸೇರಿ ಒಂದು ಹಾಡು ಮಾಡಿದೆವು. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ಬಿಟ್ಟು ಹೋದವಳು ಯಾಕೆ ಬಂದಳು, ಬಂದವಳು ಯಾಕೆ ಉಳಿಯಲಿಲ್ಲ ಎಂದು ಕೇಳುತ್ತಾರೆ. ಹಾಡಿಗೋಸ್ಕರ ಬಂದಳು, ಹಾಡು ಮುಗಿಯಿತು, ಹೋದಳು ಎನ್ನುವುದು ಚಿಕ್ಕ ಉತ್ತರ. ದೊಡ್ಡ ಉತ್ತರ ನನಗೆ ಇನ್ನೂ ಗಂಟಲಲ್ಲೇ ಇದೆ. ಬರೆದರೆ ಇಳಿಯುತ್ತದೋ ಏನೋ ಎಂದು ಕೂತಿದ್ದೇನೆ.

ನಾನು ಬೇಸ್ ಗಿಟಾರ್ ನುಡಿಸುವವನು. ಮೈಸೂರಿನ ಮದುವೆ ರಿಸೆಪ್ಷನ್ನುಗಳಿಗೆ ಹೋಗುವ ಒಂದು ಬ್ಯಾಂಡಿನಲ್ಲಿ ವರ್ಷಗಟ್ಟಲೆ ನುಡಿಸಿದ್ದೇನೆ. ಭಾನುವಾರ ಚರ್ಚಿನ ಕ್ವಾಯರಿನಲ್ಲಿ ನುಡಿಸುತ್ತೇನೆ. ಮಿಕ್ಕ ದಿನ ಲಕ್ಷ್ಮೀಪುರಂನ ಬಾಡಿಗೆಯ ಮಹಡಿ ಮನೆಯಲ್ಲಿ ಬಂದವರಿಗೆ ಗಿಟಾರ್ ಹೇಳಿಕೊಡುತ್ತೇನೆ. ಬೇಸ್ ಎಂದರೆ ದಪ್ಪ ತಂತಿಯ ಗಿಟಾರು, ತಗ್ಗಿನ ದನಿ. ನುಡಿಯುವಾಗ ಅದು ಯಾರಿಗೂ ಕೇಳಿಸುವುದಿಲ್ಲ, ನಿಂತಾಗ ಮಾತ್ರ ಏನೋ ಇಲ್ಲ ಅನ್ನಿಸುತ್ತದೆ. ಇಷ್ಟು ವರ್ಷದಲ್ಲಿ ಊಟದ ಸಾಲಿನಿಂದ ಒಬ್ಬನೇ ಒಬ್ಬ ತಿರುಗಿ "ಬೇಸ್ ಚೆನ್ನಾಗಿತ್ತು" ಅಂದದ್ದಿಲ್ಲ. ಅವಳು ಅಂದಿದ್ದಳು, ಕ್ವಾಯರಿಗೆ ಸೇರಿದ ಹೊಸದರಲ್ಲಿ. ಅಷ್ಟಕ್ಕೇ ಮದುವೆಯಾದೆ ಎಂದು ನಾನು ಎಲ್ಲರ ಮುಂದೆ ತಮಾಷೆ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಅಷ್ಟಕ್ಕೇ ಆದದ್ದು.

ಅವಳು ಫ್ರೆಂಚ್ ಟೀಚರು. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಪರಭಾಷೆಗಳನ್ನು ಕಲಿಸುವ ಒಂದು ಚಿಕ್ಕ ಸಂಸ್ಥೆಯಲ್ಲಿ ಪಾಠ ಮಾಡುತ್ತಾಳೆ. ನಾನು ವಾಚಾಳಿ, ಅವಳು ಮಾತು ಕಮ್ಮಿ. ನಾನು ರೇಗಿದರೆ ಬೀದಿಗೆ ಕೇಳಿಸುತ್ತದೆ, ಅವಳು ರೇಗಿದರೆ ನನಗೂ ಕೇಳಿಸುವುದಿಲ್ಲ. ಮಕ್ಕಳಾಗಲಿಲ್ಲ. ಅದಕ್ಕಾಗಿ ಅತ್ತದ್ದೆಲ್ಲ ಬಹಳ ಹಿಂದೆಯೇ ಅತ್ತು ಮುಗಿಸಿದ್ದೆವು.

ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಇಬ್ಬರೂ ಕೂತು ನೆನೆಸಿದ ಕಾಳು ಹಿಸುಕುತ್ತಿದ್ದೆವು. ಅವಳು ಬೇಳೆಯಿಂದ ಕಣ್ಣೆತ್ತದೆ ಹೇಳಿದಳು.

"ರೀ, ನಾನು ಅಕ್ಕನ ಮನೇಲಿರ್ತೀನಿ."

"ಎಷ್ಟು ದಿನ?"

"ದಿನದ ಲೆಕ್ಕ ಇಲ್ಲ ಕಣ್ರೀ."

ನನ್ನ ಕೈ ನಿಂತಿತು. "ನಾನೇನು ಮಾಡ್ದೆ ಈಗ?"

"ನೀವೇನೂ ಮಾಡಿಲ್ಲ. ನಂಗೆ ಕೋಪಾನೂ ಇಲ್ಲ. ಸಾಕಾಗ್ಬುಟ್ಟಿದೆ, ಅಷ್ಟೇ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತಪ್ಪು ತೋರಿಸಿದ್ದರೆ ಕಾಲಿಗೆ ಬೀಳಬಹುದಿತ್ತು. ಸಾಕಾಗಿದೆ ಎಂದವಳಿಗೆ ಏನು ಹೇಳುವುದು? ಅವಳು ಮಿಕ್ಕ ಕಾಳನ್ನೆಲ್ಲ ಹಿಸುಕಿ, ಹುಳಿ ಮಾಡಿ, ಬಡಿಸಿ, ಮಾರನೆಯ ದಿನ ಬೆಳಿಗ್ಗೆ ಹೂಟಗಳ್ಳಿಗೆ ಬಸ್ಸು ಹತ್ತಿದಳು. ಅಲ್ಲಿ ಫ್ಯಾಕ್ಟರಿಗಳ ಹಿಂದಿನ ಹೊಸ ಬಡಾವಣೆಯಲ್ಲಿ ಅವಳ ಅಕ್ಕನ ಮನೆ. ಕುಡಿತವಿಲ್ಲ, ಹೊಡೆತವಿಲ್ಲ, ಇನ್ನೊಬ್ಬಳಿಲ್ಲ; ಚರ್ಚಿನ ಹೆಂಗಸರಿಗೆ ಬಹಳ ನಿರಾಸೆಯಾಯಿತು. ಭಾನುವಾರ ಕ್ವಾಯರಿಗೆ ಮಾತ್ರ ಅವಳು ತಪ್ಪದೆ ಬರುತ್ತಿದ್ದಳು. ಮೊದಲ ಸಾಲಿನಲ್ಲಿ ಅವಳು, ಕಂಬದ ಪಕ್ಕ ನಾನು. ಪೂಜೆ ಮುಗಿದರೆ ಅವಳು ಗೇಟಿನ ಕಡೆಗೆ, ನಾನು ಸ್ಕೂಟರಿನ ಕಡೆಗೆ.

ತಪಸ್ಸುಕಾಲ ಶುರುವಾಯಿತು. ಈಸ್ಟರ್‌ವರೆಗೆ ನಮ್ಮವರಲ್ಲಿ ಮದುವೆಗಳಿಲ್ಲ, ಬ್ಯಾಂಡಿಗೆ ಕೆಲಸ ಕಮ್ಮಿ. ಸಂಜೆಗಳು ನನ್ನನ್ನು ತಿನ್ನುತ್ತಿದ್ದವು. ಅಂಥ ಒಂದು ಭಾನುವಾರ ಅವಳು ಗೇಟಿನ ಕಡೆ ಹೋಗದೆ ಕಂಬದ ಹತ್ತಿರ ಬಂದಳು. 

"ಒಂದು ಕೆಲ್ಸ ಇದೆ," ಅಂದಳು. ಮೈಸೂರಿನಲ್ಲೇ ಒಂದು ಕಾಲೇಜಿನಲ್ಲಿ ಫ್ರೆಂಚ್ ಕಲಿಯುವವರಿಗೆ ಹಾಡಿನ ಸ್ಪರ್ಧೆಯಿತ್ತು. ಬೇರೆ ಭಾಷೆಯ ಹಳೆಯ ಹಾಡೊಂದನ್ನು ಫ್ರೆಂಚಿಗೆ ತಂದು ಹಾಡಬೇಕು. ಅವಳ ಸಂಸ್ಥೆಯಿಂದ ಒಬ್ಬಳು ಹಾಡುತ್ತಾಳೆ, ಪದ ಇವಳದು. ಹಾಡುವವಳಿಗೆ ಒಂದೇ ವಾದ್ಯದ ಜೊತೆ ಇರಬಹುದು, ಹೆಚ್ಚಿಗೆ ಇಲ್ಲ.

"ಯಾವ ಹಾಡು?" ಎಂದೆ.

"ನಿಮ್ಮ ಹಾಡು," ಅಂದಳು.

ನನ್ನ ಹಾಡು ಎಂದರೆ ಜಮೈಕಾದ ಒಂದು ಹಳೆಯ ರೆಗೆ ಹಾಡು. ಹುಡುಗನಾಗಿದ್ದಾಗ ಒಂದು ಕ್ಯಾಸೆಟ್ಟಿನಲ್ಲಿ ಕೇಳಿ, ಅದರ ಬೇಸ್ ಕಲಿಯುವುದಕ್ಕೋಸ್ಕರವೇ ಬೇಸ್ ಹಿಡಿದವನು ನಾನು. ಹಡಗು ಹತ್ತಿ ಹೋಗುತ್ತಿರುವ ಹೆಂಗಸಿಗೆ ದಡದಲ್ಲಿ ನಿಂತವನು ಹಾಡುತ್ತಾನೆ: ಹೋಗು, ನಗುತ್ತಾ ಹೋಗು, ನೀನು ಬರುವವರೆಗೆ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಮಾತು ಅಳು, ತಾಳ ಕುಣಿತ. ರೆಗೆಯ ಸೊಗಸೇ ಅದು. ಬೇರೆ ಹಾಡುಗಳು ಪೆಟ್ಟನ್ನು ಮೊದಲೇ ಹಾಕುತ್ತವೆ. ಇದು ಮೊದಲ ಜಾಗವನ್ನು ಖಾಲಿ ಬಿಟ್ಟು, ಹಿಂದಿನಿಂದ ಬಂದು ಬೆನ್ನು ತಟ್ಟುತ್ತದೆ. ಅಳುತ್ತಿರುವವನ ಕಾಲು ತಾನಾಗಿ ಆಡತೊಡಗುತ್ತದೆ.

ಒಪ್ಪಿಕೊಂಡೆ. ಅವಳು ಹಾಡಿಗೆ ಬದಲಾಗಿ ಹಪ್ಪಳ ಮಾಡೋಣ ಬನ್ನಿ ಎಂದಿದ್ದರೂ ಒಪ್ಪಿಕೊಳ್ಳುತ್ತಿದ್ದೆ.

ಅವಳು ಸಂಜೆ ಪಾಠ ಮುಗಿಸಿ ನೇರ ನಮ್ಮ ಮನೆಗೆ ಬರತೊಡಗಿದಳು. ಹಾಡುವವಳೂ ಜೊತೆಗೆ ಬರುತ್ತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು, ಹೂಟಗಳ್ಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ, ಆಸೆಗೆ ಫ್ರೆಂಚ್ ಕಲಿಯುತ್ತಿದ್ದಳು. ಅವರ ಮನೆಯವರು ಬೌದ್ಧರು, ನಂಜನಗೂಡು ಕಡೆಯ ಹಳ್ಳಿಯಿಂದ ಬಂದು ನೆಲೆಸಿದವರು. ಮೊದಲ ದಿನ ಅವಳಿಗೆ ಮೂಲ ಹಾಡು ಕೇಳಿಸಿದೆ. ಕೇಳುತ್ತಾ ಕೇಳುತ್ತಾ ಅವಳ ಬೆರಳು ಮೇಜಿನ ಮೇಲೆ ಸರಿಯಾದ ಜಾಗದಲ್ಲೇ ಬೀಳುತ್ತಿತ್ತು.

"ನಮ್ಮಪ್ಪ ತಮಟೆ ಬಡೀತಿದ್ರು ಸಾರ್, ಸಾವಿಗೂ ಅವ್ರೇ, ಮದ್ವೆಗೂ ಅವ್ರೇ. ಅಂಗೇ ಅಯ್ತೆ ಇದು."

ನನಗೆ ಖುಷಿಯಾಯಿತು. ಹೆಂಡತಿಯ ಕಡೆ ತಿರುಗಿ, "ನೋಡು, ಅವಳಿಗೆ ಗೊತ್ತಾಯ್ತು. ತಾಳ ಕೆಡಿಸಬೇಡ," ಎಂದೆ.

"ಒಂದೇ ಗಿಟಾರಲ್ಲಿ ಈ ತಾಳ ನಿಲ್ಲಲ್ಲ ಕಣ್ರೀ. ಡ್ರಮ್ಮಿಲ್ಲ, ನಿಮ್ಮ ಬೇಸಿಲ್ಲ. ನಿಧಾನ ಮಾಡ್ಬೇಕು. ಫ್ರೆಂಚಲ್ಲಿ ಇಂಥದ್ನ ಕಿವೀಲಿ ಹೇಳ್ದಂಗೆ ಹಾಡ್ತಾರೆ."

"ಕಿವೀಲಿ ಹೇಳೋದಾದ್ರೆ ಸ್ಟೇಜ್ ಯಾಕೆ, ಫೋನ್ ಮಾಡ್ಲಿ."

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಿಧಾನಕ್ಕೆ ನುಡಿಸೋಕೆ ಬರಲ್ಲ ಅಂತ ಒಪ್ಕೊಳ್ಳಿ."

ಹಾಡುವವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಈ ಹಾಡು ಮುಗಿಯದೆ ಇದ್ದರೆ ಸಾಕು ಎಂದು ಅವತ್ತೇ ನನ್ನ ಮನಸ್ಸು ಹೇಳಿತು.

ನಮ್ಮ ಕೆಲಸದ ರೀತಿ ಕ್ವಾಯರಿನಿಂದ ಬಂದದ್ದು. ನಮಗೆಲ್ಲ ಹಾಡು ಕಲಿಸಿದ ಹಿರಿಯ ಕ್ವಾಯರ್ ಮಾಸ್ಟರ್ ಒಬ್ಬರಿದ್ದರು, ಈಗಿಲ್ಲ. ಲ್ಯಾಟಿನ್ನಿಗೆ ಲ್ಯಾಟಿನ್, ತಮಿಳಿಗೆ ತಮಿಳು, ಕೊಂಕಣಿಗೆ ಕೊಂಕಣಿ ಎಲ್ಲ ಭಾಷೆಯ ಹಾಡೂ ನಮ್ಮಲ್ಲಿ ಹಾಡುತ್ತಿದ್ದರು. ಆದರೆ ಯಾವ ಹಾಡಾದರೂ ಮೊದಲು ಅರ್ಥವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು, ಆಮೇಲೆಯೇ ರಾಗ. "ಅರ್ಥ ಗೊತ್ತಿಲ್ದೆ ಬಾಯಿ ಬುಡಬೇಡ್ರಪ್ಪ," ಅನ್ನುತ್ತಿದ್ದರು. "ದೇವರಿಗೆ ಅರ್ಥ ಆಗುತ್ತೆ, ನಿಮಗಾಗಲ್ಲ. ಅವನ ಮುಂದೆ ನಗೆಪಾಟಲಾಗ್ತೀರಿ." ಅವರು ಹೋದ ಮೇಲೆ ಆ ನೇಮವನ್ನು ಕಟ್ಟುನಿಟ್ಟಾಗಿ ಹಿಡಿದುಕೊಂಡವನು ನಾನೇ. ಅರ್ಥ ಹೇಳದೆ ರಾಗ ಕೇಳಿದವರನ್ನು ಕ್ವಾಯರಿನಲ್ಲಿ ಬೈದು ಕೂರಿಸಿದ್ದೇನೆ.

ಹಾಗೆಯೇ ಶುರುಮಾಡಿದೆವು. ಅವಳು ಒಂದು ಸಾಲಿನ ಅರ್ಥ ಹೇಳುತ್ತಿದ್ದಳು. ಆಮೇಲೆ ಆ ಸಾಲನ್ನು ಫ್ರೆಂಚಿನಲ್ಲಿ ನಿಧಾನವಾಗಿ ನುಡಿಯುತ್ತಿದ್ದಳು. ನನಗೆ ಫ್ರೆಂಚಿನ ಗಂಧಗಾಳಿ ಇಲ್ಲ. ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಗಿಟಾರಿನ ಮೇಲೆ ಕೂರಿಸುತ್ತಿದ್ದೆ. ನಿಧಾನ ಮಾಡಿದ ಮೇಲೆ ಮೂಲದ ರಾಗ ಬತ್ತಲೆಯಾಗಿ ಕಂಡಿತು. ತಾಳ ಇರುವಾಗ ಮುಚ್ಚಿಹೋಗುತ್ತಿದ್ದ ಗುಂಡಿಗಳೆಲ್ಲ ಎದ್ದು ಕಾಣುತ್ತಿದ್ದವು. ಸಾಲಿನ ಕೊನೆಯಲ್ಲಿ ದನಿ ಎಳೆಯಬೇಕಾಗುತ್ತಿತ್ತು, ಆ ಎಳೆತಕ್ಕೆ ಹೊಸ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ಬೇಕಾಗುತ್ತಿತ್ತು. ಬೇಸಿನಲ್ಲಿ ಒಂದೊಂದೇ ತಂತಿ ಮೀಟಿದವನಿಗೆ ಆರು ತಂತಿಯನ್ನು ಬಿಡಿಬಿಡಿಯಾಗಿ ಮೀಟುವುದು ಮೊದಮೊದಲು ಹೆಂಗಸರ ಜಡೆ ಹೆಣೆಯುವ ಕೆಲಸದಂತೆ ಅನ್ನಿಸಿತು. ಆದರೆ ದಿನ ಕಳೆದಂತೆ ಒಳ್ಳೆಯದೇ ಆಯಿತು. ನನ್ನ ಹಾಡು ನನಗೇ ಹೊಸದಾಗಿ ಕೇಳಿಸಿತು.

ಒಳ್ಳೆಯದಾಗುವುದೇ ನನ್ನ ಕಷ್ಟವಾಗಿತ್ತು. ಚೆನ್ನಾಗಿ ಆದರೆ ಬೇಗ ಮುಗಿಯುತ್ತದೆ. ಹಾಗಾಗಿ ನಾನು ತಕರಾರು ತೆಗೆಯತೊಡಗಿದೆ. ಇವತ್ತು ಒಪ್ಪಿದ ಸಾಲನ್ನು ನಾಳೆ ಬೇಡವೆನ್ನುತ್ತಿದ್ದೆ. ಶ್ರುತಿ ಮೇಲಾಯಿತು, ಕೆಳಗಾಯಿತು, ಮಧ್ಯದ ಸಾಲು ಉದ್ದವಾಯಿತು. ಅವಳು ಮಾತಾಡದೆ ತಿದ್ದಿ ತರುತ್ತಿದ್ದಳು. ಅವಳು ಬರುವ ಹೊತ್ತಿಗೆ ಮನೆ ಗುಡಿಸಿ, ಹಾಲು ತಂದು, ಕಿಟಕಿ ತೆಗೆದಿಡುತ್ತಿದ್ದೆ. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿದರೆ ಗಿಟಾರ್ ಎತ್ತಿಕೊಂಡು, ಬೆಳಗಿನಿಂದ ಅದರಲ್ಲೇ ಮುಳುಗಿದವನಂತೆ ಕೂರುತ್ತಿದ್ದೆ. ಶುಕ್ರವಾರ ಮಾತ್ರ ಚರ್ಚಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ಇರುತ್ತಿದ್ದುದರಿಂದ ಅವಳು ಬರುತ್ತಿರಲಿಲ್ಲ. ಆ ಶುಕ್ರವಾರಗಳಲ್ಲಿ ನಾನು ಯೇಸುವಿನ ನೋವಿಗಿಂತ ನನ್ನ ನೋವನ್ನೇ ಹೆಚ್ಚು ನೆನೆಸಿಕೊಂಡು ಮೊಣಕಾಲೂರಿದೆ. ದೇವರು ಕ್ಷಮಿಸಲಿ.

ಒಂದು ಸಂಜೆ ಕೆಲಸ ನಿಲ್ಲಿಸಿ ಮೂವರೂ ತಾರಸಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಬೆಟ್ಟದ ಮೇಲೆ ದೀಪ ಹತ್ತಿತ್ತು. ಅವಳು ಹೇಳಿದಳು:

"ಮೂಲದಲ್ಲಿ ಇರೋದಷ್ಟೂ ಆಯ್ತು. ನಾನು ಇನ್ನೊಂದು ಪದ್ಯ ಸೇರಿಸ್ತೀನಿ."

"ಯಾಕೆ? ಹಾಡು ಅಲ್ಲಿಗೆ ಮುಗೀತಲ್ಲ." ಮುಗಿಯದೆ ಇರಲಿ ಎಂದು ಹರಕೆ ಹೊತ್ತವನು ನಾನೇ, ಆದರೂ ಬಾಯಿ ತಕರಾರು ಬಿಡಲಿಲ್ಲ.

"ಪೂರ್ತಿ ಅವನೇ ಮಾತಾಡ್ತಾನೆ. ಹಡಗಲ್ಲಿರೋಳು ಬಾಯೇ ಬಿಡಲ್ಲ. ಅವಳೂ ಏನಾದ್ರೂ ಹೇಳ್ಬೇಕಲ್ವಾ?"

"ಹೇಳ್ಲಿ, ಹೇಳ್ಲಿ. ಯಾರು ಬೇಡ ಅಂದ್ರು?" ಎಂದೆ ನಾನು ಉದಾರವಾಗಿ.

ಎರಡು ದಿನ ಬಿಟ್ಟು ಅವಳು ಆ ಪದ್ಯ ತಂದಳು. ಅವತ್ತು ಅವಳೊಬ್ಬಳೇ ಬಂದಿದ್ದಳು. ಕುರ್ಚಿಯಲ್ಲಿ ನೆಟ್ಟಗೆ ಕೂತಳು, ಕಾಫಿ ಬೇಡವೆಂದಳು. "ಅರ್ಥ ಹೇಳ್ತೀನಿ, ಕೇಳಿ," ಎಂದಳು.

ಆಗ ನನಗೊಂದು ಯೋಚನೆ ಹೊಳೆಯಿತು. ಹಾಡಿನಲ್ಲಿ ಇನ್ನು ಉಳಿದಿರುವುದು ಇದೊಂದೇ. ಇದನ್ನೂ ಈಗಲೇ ಕೇಳಿಬಿಟ್ಟರೆ ರಾಗ ಕೂರಿಸಿ ಮುಗಿಸಬೇಕಾಗುತ್ತದೆ. ಮಕ್ಕಳು ಹೋಳಿಗೆಯ ಹೂರಣವನ್ನು ಕೊನೆಗೆ ಇಟ್ಟುಕೊಳ್ಳುವ ಹಾಗೆ ನಾನು ಅದನ್ನು ಎತ್ತಿಟ್ಟುಕೊಂಡೆ.

"ಅರ್ಥ ನಾಳೆ ಹೇಳು. ಇವತ್ತು ಬರೀ ಸದ್ದು ಕೊಡು, ಸಾಕು."

ಅವಳು ನನ್ನನ್ನೇ ನೋಡಿದಳು. "ನೀವಾ ಹೀಗನ್ನೋದು? ಅರ್ಥ ಇಲ್ದೆ ರಾಗ ಮುಟ್ಟಲ್ಲ ಅನ್ನೋರು?"

"ಒಂದ್ಸಲ ಮುಟ್ತೀನಿ ಬಿಡು."

ಅವಳು ಸಾಲುಗಳನ್ನು ನುಡಿದಳು. ನಾನು ಬರೆದುಕೊಂಡೆ. ಎಷ್ಟು ಮೃದುವಾದ ಸದ್ದುಗಳು! ಹೆಂಗಸು ಉತ್ತರ ಕೊಡುತ್ತಿದ್ದಾಳೆ, ಅದೂ ಇಷ್ಟು ಮೆತ್ತಗೆ. ಬರುತ್ತೇನೆ ಅನ್ನುವುದನ್ನು ಬಿಟ್ಟು ಇನ್ನೇನು ಹೇಳಿಯಾಳು ಎಂದುಕೊಂಡೆ. ಹಾಗೆ ಅಂದುಕೊಂಡೇ ರಾಗ ಹಾಕಿದೆ. ಅಲ್ಲಿಯವರೆಗೆ ಕೆಳಗೆ ಕೆಳಗೆ ಇಳಿಯುತ್ತಿದ್ದ ಹಾಡನ್ನು ಮೆಲ್ಲಗೆ ಮೇಲಕ್ಕೆತ್ತಿದೆ, ಕತ್ತಲ ಕಾರ್ಡುಗಳನ್ನು ತೆಗೆದು ಬೆಳಕಿನವನ್ನು ಇಟ್ಟೆ. ನನ್ನ ಬದುಕಿನಲ್ಲಿ ಅಷ್ಟು ಚೆಂದದ ರಾಗ ನನ್ನ ಕೈಯಿಂದ ಇನ್ನೊಂದು ಬಂದಿಲ್ಲ. ನುಡಿಸಿ ತಲೆಯೆತ್ತಿದಾಗ ಅವಳ ಕಣ್ಣು ತುಂಬಿತ್ತು. ನಾನು ಗೆದ್ದೆ ಎಂದುಕೊಂಡೆ.

ಮಾರನೆಯ ದಿನ ಬಂದಾಗ "ಅರ್ಥ" ಎಂದು ಮತ್ತೆ ಬಾಯಿ ತೆರೆದಳು. ನಾನು "ರಾಗ ಇನ್ನೂ ಕೂತಿಲ್ಲ, ಕೂರಲಿ, ಆಮೇಲೆ," ಎಂದೆ. ಅದರ ಮಾರನೆಯ ದಿನ ಹಾಡುವವಳ ಮುಂದೆಯೇ ಕೇಳಿದಳು. "ಬಸ್ಸಿಗೆ ಹೊತ್ತಾಯ್ತಲ್ಲ, ನಾಳೆಗಿರಲಿ," ಎಂದೆ. ಅವಳನ್ನು ನಾಳೆ ಕರೆಸಿಕೊಳ್ಳಲು ಬೇರೆ ಯಾವ ನೆಪವೂ ನನ್ನ ಹತ್ತಿರ ಉಳಿದಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರಲ್ಲ, ನಾನು ಕಿವಿ ಮುಚ್ಚಿಕೊಂಡು ಕುಡಿಯುತ್ತಿದ್ದೆ.

ಅಭ್ಯಾಸದಲ್ಲಿ ಹಾಡುವವಳು ಆ ಪದ್ಯಕ್ಕೆ ಬಂದಾಗಲೆಲ್ಲ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದಳು. ನನಗೆ ರೇಗಿತು.

"ಇಲ್ಲಿ ಯಾಕಮ್ಮ ಅಳುಮುಂಜಿ ಮುಖ? ಕೊನೇ ಪದ್ಯ ನಗುನಗ್ತಾ ಹಾಡ್ಬೇಕು."

ಅವಳು ಗಲಿಬಿಲಿಯಿಂದ ಟೀಚರ ಕಡೆ ನೋಡಿದಳು. "ನಗುತ್ತಾನಾ ಮೇಡಂ?"

ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿಕೊಂಡಿದ್ದಳು. "ಸಾರ್ ಹೇಳ್ದಂಗೆ ಹಾಡು," ಎಂದಳು.

ಸ್ಪರ್ಧೆಯ ದಿನ ಕಾಲೇಜಿನ ಸಭಾಂಗಣ ತುಂಬಿತ್ತು. ಹಾಡುವವರ ಅಪ್ಪ ಅಮ್ಮಂದಿರು, ಅಕ್ಕಪಕ್ಕದವರು, ಅರ್ಧಕ್ಕಿಂತ ಹೆಚ್ಚು ಜನಕ್ಕೆ ಫ್ರೆಂಚ್ ಬಾರದು. ನಮ್ಮ ಹಾಡುವವಳ ಅಪ್ಪನೂ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದರು. ಪರದೆಯ ಹಿಂದೆ ನಾನು ಗಿಟಾರಿನ ಶ್ರುತಿ ಮಾಡುತ್ತಿದ್ದೆ. ಹೆಂಡತಿ ಬಂದು ನನ್ನ ಮುಂದೆ ನಿಂತಳು. ನಾನು ಹಿಂದೊಮ್ಮೆ ಕೊಡಿಸಿದ್ದ ನೀಲಿ ಸೀರೆ ಉಟ್ಟಿದ್ದಳು. ಅದನ್ನು ನೋಡಿಯೇ ನನ್ನ ಅರ್ಧ ಜೀವ ಹಗುರವಾಗಿತ್ತು.

"ರೀ, ಈಗಲಾದ್ರೂ ಕೇಳಿಸ್ಕೊಳ್ಳಿ. ಸ್ಟೇಜಿಗೆ ಹೋಗೋಕೆ ಮುಂಚೆ ನಿಮಗೆ ಗೊತ್ತಿರ್ಬೇಕು."

"ಹಾಡಾಗ್ಲಿ ಕಣೇ. ಆಮೇಲೆ ಇಬ್ಬರೂ ಕೂತು ಕಾಫಿ ಕುಡೀತಾ ಹೇಳುವಂತೆ."

"ನಿಮಗೆ ಹೇಳೋಕ್ಕೆ ಆಗೋದೇ ಇಲ್ಲ ಕಣ್ರೀ," ಎಂದಳು. ಕೋಪವಿರಲಿಲ್ಲ ದನಿಯಲ್ಲಿ. ಅಷ್ಟರಲ್ಲಿ ನಮ್ಮ ಹೆಸರು ಕೂಗಿದರು.

ನಾನು ಸ್ಟೂಲಿನ ಮೇಲೆ ಕೂತೆ. ಹಾಡುವವಳು ಮೈಕಿನ ಮುಂದೆ ನಿಂತಳು. ಆಗ ನಿರೂಪಣೆ ಮಾಡುತ್ತಿದ್ದಾಕೆ ಕೈಯಲ್ಲೊಂದು ಹಾಳೆ ಹಿಡಿದು ಮುಂದೆ ಬಂದಳು. ಫ್ರೆಂಚ್ ಬಾರದವರಿಗಾಗಿ ಪ್ರತಿ ಹಾಡಿಗೂ ಮೊದಲು ಅದರ ಸಾರಾಂಶವನ್ನು ಕನ್ನಡದಲ್ಲಿ ಓದುತ್ತಿದ್ದರು. ನಾನು ಪರದೆಯ ಹಿಂದೆ ಶ್ರುತಿಯ ಗಲಾಟೆಯಲ್ಲಿದ್ದವನು ಗಮನಿಸಿರಲಿಲ್ಲ. ನಮ್ಮದನ್ನು ನನ್ನ ಹೆಂಡತಿ ಬರೆದುಕೊಟ್ಟಿದ್ದಳು.

ಮೊದಲ ಪದ್ಯಗಳದು ನನಗೆ ಗೊತ್ತಿದ್ದದ್ದೇ. ದಡದಲ್ಲಿ ನಿಂತವನು, ಹಡಗು, ಚಿಲಕ ಹಾಕದ ಬಾಗಿಲು. ನಾನು ಮೊದಲ ಕಾರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದೆ.

"ಕೊನೆಯ ಪದ್ಯದಲ್ಲಿ ಹಡಗಿನಲ್ಲಿರುವ ಹೆಂಗಸು ಉತ್ತರ ಕೊಡುತ್ತಾಳೆ," ಎಂದು ಆಕೆ ಓದಿದಳು. "ನೀನು ಕೈ ಬೀಸುವುದು ನನಗೆ ಕಾಣುತ್ತಿದೆ. ನಾನು ಸಿಟ್ಟಿನಿಂದ ಹೋಗುತ್ತಿಲ್ಲ. ಯಾರೋ ಕರೆದರೆಂದೂ ಹೋಗುತ್ತಿಲ್ಲ. ನಿನ್ನ ಹಾಡಿನಲ್ಲಿ ನನಗೆ ಮಾತಿರಲಿಲ್ಲ, ಅಷ್ಟೇ. ನಾನು ಮರಳಿ ಬರುವುದಿಲ್ಲ. ಬಾಗಿಲು ಹಾಕಿಕೋ, ಚಳಿ ಒಳಗೆ ಬರುತ್ತದೆ."

 ಹಾಡುವವಳು ತಿರುಗಿ, ಶುರುಮಾಡಿ ಎಂಬಂತೆ ನನಗೆ ತಲೆಯಾಡಿಸಿದಳು. ನನಗೆ ಎದ್ದು ಹೋಗಬೇಕೆನ್ನಿಸಿತು. ಗಿಟಾರ್ ನೆಲಕ್ಕೆ ಬಡಿಯಬೇಕೆನ್ನಿಸಿತು. ಪರದೆಯ ಅಂಚಿನಲ್ಲಿ ನೀಲಿ ಸೀರೆ ಕಾಣುತ್ತಿತ್ತು. ಅವಳು ಎರಡು ಕೈಯನ್ನೂ ಎದೆಗೆ ಒತ್ತಿಕೊಂಡು ನಿಂತಿದ್ದಳು. ಮೈಕಿನ ಮುಂದಿದ್ದವಳು, ಪಾಪ, ಅಪ್ಪನ ಮುಂದೆ ಹಾಡಬೇಕೆಂದು ವಾರಗಟ್ಟಲೆ ಬಸ್ಸಿನಲ್ಲಿ ಓಡಾಡಿದ್ದಾಳೆ. ಅವಳದೇನು ತಪ್ಪು? ಮೀಟಿದೆ.

ಕೊನೆಯ ಪದ್ಯ ಬಂತು. ನಾನೇ ಕಟ್ಟಿದ ಏರು, ನಾನೇ ಇಟ್ಟ ಬೆಳಕಿನ ಕಾರ್ಡುಗಳು. ಅವಳು ನಗುನಗುತ್ತಾ ಹಾಡಿದಳು, ನಾನು ಹೇಳಿಕೊಟ್ಟ ಹಾಗೆಯೇ. ನಾನು ಮರಳಿ ಬರುವುದಿಲ್ಲ ಅನ್ನುವ ಮಾತು ನನ್ನ ರಾಗದ ಮೇಲೆ ಕೂತು, ಎಲ್ಲಿಯೂ ತಡವರಿಸದೆ, ತೇಲಿಕೊಂಡು ಹೋಯಿತು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಣ್ಣೊರೆಸಿಕೊಂಡರು. ನನ್ನ ಬೆರಳುಗಳಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಅವು ಕಲಿತದ್ದನ್ನು ತಪ್ಪಿಲ್ಲದೆ ನುಡಿಸಿ ಮುಗಿಸಿದವು.

ನಮಗೆ ಎರಡನೆಯ ಬಹುಮಾನ ಬಂತು. ತೀರ್ಪುಗಾರರೊಬ್ಬರು ನನ್ನ ಕೈ ಕುಲುಕಿ, "ಅಗಲಿಕೆಯ ಮಾತಿಗೆ ಸಂತೋಷದ ರಾಗ ಹಾಕೋದು ಎಲ್ಲರಿಗೂ ಬರಲ್ಲ. ಅದೇ ಅಲ್ವಾ ರೆಗೆಯ ಗುಟ್ಟು? ತಾಳ ಬಿಟ್ಟರೂ ಅದನ್ನ ಉಳಿಸ್ಕೊಂಡಿದ್ದೀರಿ," ಅಂದರು. ಹೌದು ಸಾರ್ ಎಂದೆ. 

ಹಾಡಿದವಳನ್ನು ಅವಳಪ್ಪ ತಬ್ಬಿಕೊಂಡು ನಿಂತಿದ್ದರು. ನಾವಿಬ್ಬರೂ ಕಾಲೇಜಿನ ಅಂಗಳದ ಒಂದು ಮರದ ಕೆಳಗೆ ಹೋಗಿ ನಿಂತೆವು. ಬಿಸಿಲು ಇನ್ನೂ ಇತ್ತು.

"ಕೋಪ ಬಂತಾ?" ಎಂದಳು.

ಹುಡುಕಿದೆ. ನನ್ನ ಹತ್ತಿರ ಸದಾ ಇರುತ್ತಿದ್ದ ಸರಕು ಅದೊಂದೇ. ಅವತ್ತು ಸಿಗಲಿಲ್ಲ. "ಇಲ್ಲ ಕಣೇ. ಅಳು ಬರ್ತಿದೆ," ಎಂದೆ, ಮತ್ತು ಅತ್ತೆ. ಅಪ್ಪ ಅಮ್ಮಂದಿರು ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸುತ್ತಾ ನಮ್ಮ ಪಕ್ಕದಲ್ಲೇ ಹಾದು ಹೋಗುತ್ತಿದ್ದರು. ಅವಳು ನನ್ನನ್ನು ಸುಮ್ಮನಿರಿ ಅನ್ನಲಿಲ್ಲ. ನಾನು ಮುಗಿಸುವವರೆಗೂ ಕಾದಳು. ಅವಳೂ ಒಂದೆರಡು ಸಲ ಮೂಗೊರೆಸಿಕೊಂಡಳು.

"ಅಕ್ಕನ ಮನೇಲೇ ಇರ್ತೀಯಾ?" ಎಂದು ಕೇಳಿದೆ. ಇಷ್ಟು ದಿನದಲ್ಲಿ ಅವಳ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು.

"ಇಲ್ಲ. ಹೂಟಗಳ್ಳೀಲೇ ಒಂದು ರೂಮು ನೋಡಿದೀನಿ. ಅಡುಗೆಮನೆ ಇದೆ. ನನ್ನ ಬೀರು, ಪುಸ್ತಕ ಎಲ್ಲ ತಗೊಂಡ್ಹೋಗ್ಬೇಕು."

"ನಾನೇ ತಂದು ಹಾಕ್ತೀನಿ."

ಈಸ್ಟರ್ ಕಳೆದ ವಾರ ಒಂದು ಲಗೇಜ್ ಆಟೋ ಮಾಡಿಕೊಂಡು ಹೋದೆ. ಬೀರುವಿನ ಇನ್ನೊಂದು ತುದಿಯನ್ನು ಅವಳೇ ಹಿಡಿದಳು. ಎರಡನೆಯ ಮಹಡಿಯ ರೂಮು. ಕಿಟಕಿಯಿಂದ ಯಾವುದೋ ಕಾರ್ಖಾನೆಯ ಗೋಡೆ, ಅದರಾಚೆ ಹೊಸ ಮನೆಗಳ ಸಾಲು ಕಾಣುತ್ತಿತ್ತು. ಪುಸ್ತಕಗಳನ್ನು ಅವಳು ಹೇಳಿದ ಕಡೆ ಜೋಡಿಸಿದೆ. ಶಿಲುಬೆ ತೂಗುಹಾಕಲು ಮೊಳೆ ಹೊಡೆದೆ. ಗ್ಯಾಸ್ ಪೈಪು ಸರಿಯಾಗಿದೆಯಾ ಎಂದು ಸೋಪಿನ ನೊರೆ ಹಚ್ಚಿ ನೋಡಿದೆ. ಮಾಡಲು ಇನ್ನೇನೂ ಉಳಿಯದಿದ್ದಾಗ ಕೈ ತೊಳೆದುಕೊಂಡು ನಿಂತೆ.

"ಕೂತ್ಕೊಳ್ಳಿ, ಕಾಫಿ ಮಾಡ್ತೀನಿ," ಎಂದಳು.

ಕೂತೆ. ಇದ್ದದ್ದು ಒಂದೇ ಕುರ್ಚಿ. ಹಾಲು ಉಕ್ಕುವ ಸದ್ದು ಕೇಳಿಸಿತು, ಲೋಟ ಇಟ್ಟ ಸದ್ದು ಕೇಳಿಸಿತು. ಮದುವೆಯಾದ ದಿನದಿಂದ ಅವಳ ಕೈಯ ಕಾಫಿ ಕುಡಿದವನು ನಾನು. ಬೆಳಿಗ್ಗೆ ಎದ್ದ ಕೂಡಲೇ ಒಂದು, ಹತ್ತು ಗಂಟೆಗೆ ಒಂದು, ಸಂಜೆ ಒಂದು. ಅಡುಗೆಮನೆಯ ಬಾಗಿಲಿಗೆ ಬಂದು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, ಬಂದ ನೆಂಟರನ್ನು ಕೇಳುವ ದನಿಯಲ್ಲಿ ಅವಳು ಕೇಳಿದಳು:

"ಸಕ್ಕರೆ ಎಷ್ಟು ಹಾಕ್ಲಿ?"

"ಒಂದು ಚಮಚ," ಎಂದೆ.